ನನ್ನ ಬೆರಳಿಗೆ ಮಾತ್ರ ಓಡದ ಮೌಸ್

ಪ್ರಶ್ನೆ: ನನಗೆ 66 ವರ್ಷ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ಜೋಡಿಸುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಈಗ ಕೆ.ಆರ್. ಪುರದಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ. ಮಗ ಹೊರದೇಶದಲ್ಲಿದ್ದಾನೆ. ಬಡಾವಣೆಯ ಮಹಿಳಾ ಸಂಘದ ಲೆಕ್ಕಪತ್ರವೆಲ್ಲ ನನ್ನದೇ. ಹಳೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಮಾಡಿಕೊಂಡು ವರ್ಷಗಟ್ಟಲೆ ನಡೆಸಿದ್ದೇನೆ. ಕಳೆದ ದೀಪಾವಳಿಗೆ ಬಂದ ಮಗ, ‘ಈ ಡಬ್ಬಾ ಸಾಕು ಬಿಡಮ್ಮ’ ಅಂತ ತನ್ನ ಮ್ಯಾಕ್‌ಬುಕ್ಕನ್ನು ಸ್ಟ್ಯಾಂಡಿನ ಮೇಲಿಟ್ಟು, ಒಂದು ಕೀಬೋರ್ಡು, ಜೊತೆಗೆ ವೈರೂ ಇಲ್ಲದ ಚಕ್ರವೂ ಇಲ್ಲದ ಬಿಳಿ ಮೌಸು ಕೊಟ್ಟು ಹೋದ. ಅವನಿದ್ದಷ್ಟು ದಿನ ನಾನು ಮುಟ್ಟಿದ್ದೇ ಕಡಿಮೆ, ಎಲ್ಲ ಅವನೇ ತೋರಿಸುತ್ತಿದ್ದ. ಅವನು ವಿಮಾನ ಹತ್ತಿದ ಮೇಲೆ ನನ್ನ ಪಾಡು ಶುರುವಾಯಿತು.

ಬಾಣ ಓಡಾಡುತ್ತದೆ. ಒತ್ತಿದರೆ ಕ್ಲಿಕ್ ಆಗುತ್ತದೆ. ಆದರೆ ಬೆರಳಿಟ್ಟು ಎಳೆದರೆ ಪುಟ ಕೆಳಗೆ ಹೋಗುವುದಿಲ್ಲ. ಪೇಪರ್ ಓದೋಣ ಅಂತ ತೆಗೆದರೆ ಪುಟ ಒಂದಿಷ್ಟು ಜಗ್ಗಿದ ಹಾಗಾಗಿ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಕೆಲವು ಸಲ ಇಡೀ ಪರದೆಯೇ ಪಕ್ಕಕ್ಕೆ ಸರಿದು ಬೇರೇನೋ ಬಂದುಬಿಡುತ್ತದೆ. ನನ್ನ ಹಾಳೆ ಎಲ್ಲಿ ಹೋಯಿತೋ ಅಂತ ಎದೆ ಧಸಕ್ ಅನ್ನುತ್ತದೆ. ಒಂದು ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿದ್ದ ಹುಡುಗ ಬೆರಳಾಡಿಸಿ ‘ಚೆನ್ನಾಗೇ ಇದೆಯಲ್ಲ ಆಂಟಿ’ ಅಂದ. ಪಕ್ಕದ ಮನೆಯ ಪಿಯುಸಿ ಹುಡುಗ ಮುಟ್ಟಿದರೂ ಸರಸರ ಓಡುತ್ತದೆ. ನಾನು ಮುಟ್ಟಿದರೆ ಮಾತ್ರ ಇಲ್ಲ.

ಇದಕ್ಕೆ ಮುಂಚೆ ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ಹೋದಾಗಲೂ ಹೀಗೇ ಆಗಿತ್ತು. ಬೆರಳಚ್ಚಿನ ಯಂತ್ರ ನನ್ನ ಒಂದು ಬೆರಳನ್ನೂ ತೆಗೆದುಕೊಳ್ಳಲಿಲ್ಲ. ‘ಬೆರಳು ಸವೆದುಹೋಗಿದೆ ನಿಮ್ಮದು’ ಅಂದರು. ಈ ಕೈಯಲ್ಲಿ ಎಷ್ಟು ಫೋನು ಜೋಡಿಸಿದ್ದೇನೋ ಲೆಕ್ಕವಿಲ್ಲ. ಈಗ ಯಂತ್ರಗಳಿಗೆ ನಾನು ಕಾಣಿಸುವುದೇ ಇಲ್ಲವೇನೋ ಅನ್ನಿಸುತ್ತದೆ. ಯಜಮಾನರು ‘ಈ ವಯಸ್ಸಲ್ಲಿ ನಿನಗ್ಯಾಕೆ ಅದು, ಲೆಕ್ಕ ಬೇರೆಯವರಿಗೆ ಕೊಟ್ಟುಬಿಡು’ ಅನ್ನುತ್ತಾರೆ. ಮಗ ಭಾನುವಾರ ವಿಡಿಯೊ ಕಾಲ್ ಮಾಡಿ ಕೇಳಿದರೆ ‘ಚೆನ್ನಾಗಿದೆ ಕಣೋ’ ಅಂತೀನಿ. ಸಂಘದ ಲೆಕ್ಕ ಎರಡು ತಿಂಗಳಿನದು ಬಾಕಿ ನಿಂತಿದೆ. ರಾತ್ರಿ ಇದೇ ಯೋಚನೆಯಲ್ಲಿ ನಿದ್ದೆ ಹತ್ತುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬರೆಯಲೂ ನಾಚಿಕೆ. ನಾನೇನು ಮಾಡಲಿ?

ಹೆಸರು ಬೇಡ, ಕೆ.ಆರ್. ಪುರ


ಉತ್ತರ: ಮೊದಲು ಆ ನಾಚಿಕೆಯನ್ನು ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ಮೌಸಿನ ಬಗ್ಗೆ ಇರುವುದು ಕೆಲವೇ ಸಾಲು. ಉಳಿದದ್ದೆಲ್ಲ ನಿಮ್ಮ ಕೈಯ ಬಗ್ಗೆ. ಕೈಯನ್ನೇ ನಂಬಿ ಬದುಕು ಕಟ್ಟಿಕೊಂಡವರಿಗೆ ‘ನಿಮ್ಮ ಬೆರಳು ಸವೆದಿದೆ’ ಎಂಬ ಮಾತು ಎಲ್ಲಿ ನಾಟುತ್ತದೆ ಎಂದು ಹೇಳಿದವರಿಗೆ ಗೊತ್ತಿರಲಿಕ್ಕಿಲ್ಲ. ಅವರು ಹೇಳಿದ್ದು ಯಂತ್ರದ ಮಾತು. ನಿಮಗೆ ಕೇಳಿಸಿದ್ದು ನಿಮ್ಮ ದುಡಿಮೆಯ ಬಗ್ಗೆ ಒಂದು ತೀರ್ಪು. ಅದಾದ ಮೇಲೆ ಮನೆಯ ಮೌಸೂ ಮಾತು ಕೇಳದೆ ಹೋದಾಗ ಎರಡೂ ಒಂದಕ್ಕೊಂದು ಗಂಟು ಬಿದ್ದವು. ನಿಮ್ಮ ನಿದ್ದೆ ಕೆಡಿಸಿರುವುದು ಆ ಗಂಟು. ಯಾರಿಗಾದರೂ ಹೀಗಾದೀತು. ಇದು ಸಣ್ಣ ವಿಷಯವಲ್ಲ.

1948ರಲ್ಲಿ ಶುರುವಾದ ಐಟಿಐ ಕೆ.ಆರ್. ಪುರದ ಸುತ್ತಮುತ್ತಲಿನ ಎಷ್ಟೋ ಹೆಣ್ಣುಮಕ್ಕಳ ಕೈಗೆ ಸಂಬಳ ಕೊಟ್ಟ ಕಾರ್ಖಾನೆ. ದೇಶದ ಮೂಲೆಮೂಲೆಯಲ್ಲಿ ಟ್ರಿಣ್ ಎನ್ನುತ್ತಿದ್ದ ಎಷ್ಟೋ ಕರಿ ಫೋನುಗಳು ಹೊರಟದ್ದು ನಿಮ್ಮ ದೂರವಾಣಿನಗರದಿಂದ. ಹಾಗಾಗಿ ನಿಮ್ಮೊಡನೆ ಸ್ವಲ್ಪ ತಾಂತ್ರಿಕವಾಗಿಯೇ ಮಾತನಾಡುವ ಸಲಿಗೆ ತೆಗೆದುಕೊಳ್ಳುತ್ತೇನೆ. ನಿಮಗೆ ಅರ್ಥವಾಗುತ್ತದೆ. ಅರ್ಥವಾದರೆ ಅರ್ಧ ಭಾರ ಇಳಿಯುತ್ತದೆ.

ಗಂಟನ್ನು ಮೊದಲು ಬಿಡಿಸೋಣ. ಬೆರಳಚ್ಚಿನ ಯಂತ್ರ ನೋಡುವುದು ಬೆರಳ ತುದಿಯ ಗೆರೆಗಳನ್ನು. ವಯಸ್ಸಿನಿಂದ, ಪಾತ್ರೆ ಬಟ್ಟೆಯ ಸೋಪಿನಿಂದ, ಕೈಕೆಲಸದಿಂದ ಆ ಗೆರೆ ತೆಳುವಾಗುವುದು ಸಹಜ. ಗಾರೆ ಕೆಲಸದವರು, ಮಡಿವಾಳರು, ಹೊಲಿಗೆಯವರು ಎಲ್ಲರೂ ಆ ಯಂತ್ರದ ಮುಂದೆ ನಿಂತು ಪೆಚ್ಚಾದವರೇ. ನಿಮ್ಮ ಮೌಸು ಗೆರೆಗಳ ಗೊಡವೆಗೇ ಹೋಗುವುದಿಲ್ಲ. ಆ ನುಣುಪಾದ ಬಿಳಿ ಮೈಯ ಅಡಿಯಲ್ಲಿ ಸಣ್ಣ ಸಣ್ಣ ವಿದ್ಯುದ್ವಾರಗಳ ಬಲೆಯಿದೆ. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ ಧಾರಣೆ ಬದಲಾಗುತ್ತದೆ. ಆ ಬದಲಾವಣೆ ಯಾವ ಕಡೆಗೆ ಸರಿಯಿತು ಎಂದು ಲೆಕ್ಕ ಹಾಕಿ ಅದು ಪುಟವನ್ನು ಸರಿಸುತ್ತದೆ. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ ಅಲ್ಲೊಂದು ಕಂಡೆನ್ಸರ್ ಇದೆ, ಅದರ ಒಂದು ತಗಡು ನಿಮ್ಮ ಬೆರಳು. ಗೆರೆ ಸವೆದಿದ್ದರೂ ಕಂಡೆನ್ಸರಿಗೆ ಏನೂ ಆಗದು. ಎರಡು ಬೇರೆ ಯಂತ್ರ, ಎರಡು ಬೇರೆ ಕಾರಣ. ಒಂದರ ಮಾತನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಈಗ ಪಕ್ಕದ ಮನೆಯ ಹುಡುಗನ ವಿಷಯ. ಅವನ ಬೆರಳಿಗೆ ಓಡಿದ್ದು ನಿಮಗೆ ಅವಮಾನ ಅನ್ನಿಸಿದೆ. ನನಗೆ ಅದು ನಿಮ್ಮ ಪತ್ರದ ಅತ್ಯಂತ ಒಳ್ಳೆಯ ಸುದ್ದಿ ಅನ್ನಿಸಿತು. ಕೆಟ್ಟ ಫೋನು ಮೇಜಿಗೆ ಬಂದಾಗ ನೀವು ಏನು ಮಾಡುತ್ತಿದ್ದಿರಿ? ಎಲ್ಲಿ ದೋಷ ಇಲ್ಲ ಎಂದು ಒಂದೊಂದನ್ನೇ ತೆಗೆದುಹಾಕುತ್ತ ಹೋಗುತ್ತಿದ್ದಿರಿ. ಹುಡುಗ ಆ ಕೆಲಸ ನಿಮಗೆ ಮಾಡಿಕೊಟ್ಟಿದ್ದಾನೆ. ಅವನ ಕೈಯಲ್ಲಿ ಪುಟ ಓಡಿತು ಎಂದ ಮೇಲೆ ಬ್ಯಾಟರಿ ಸರಿಯಿದೆ, ಬ್ಲೂಟೂತ್ ಸರಿಯಿದೆ, ಸ್ಕ್ರೋಲ್ ಆಗಬೇಕಾದ ಸೆಟ್ಟಿಂಗು ಸರಿಯಿದೆ, ಮೇಲಿನ ಸ್ಪರ್ಶದ ಮೈಯೂ ಸರಿಯಿದೆ. ಉಳಿದದ್ದು ಕೈ ಹೇಗೆ ಕೂರುತ್ತದೆ, ಯಾವ ಕಡೆಗೆ ಸರಿಯುತ್ತದೆ ಅನ್ನುವುದಷ್ಟೇ. ಅದು ಅಭ್ಯಾಸದ ಮಾತು, ಯೋಗ್ಯತೆಯದ್ದಲ್ಲ.

ಹಾಗಾದರೆ ಎಲ್ಲಿ ತಪ್ಪುತ್ತಿದೆ? ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ. ‘ಪುಟ ಒಂದಿಷ್ಟು ಜಗ್ಗಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ’ ಎಂದಿದ್ದೀರಿ. ಬೆರಳು ಕಾಣದ ಮೌಸು ಪುಟವನ್ನು ಜಗ್ಗಿಸಲಾರದು. ಅದಕ್ಕೆ ನಿಮ್ಮ ಬೆರಳು ಕಂಡಿದೆ. ನೀವು ಹೇಳಿದ್ದನ್ನು ಮಾಡಿಯೂ ಇದೆ. ಆದರೆ ನೀವು ‘ಮೇಲಕ್ಕೆ ಹೋಗು’ ಎಂದು ಹೇಳುತ್ತಿದ್ದೀರಿ, ಪುಟ ಆಗಲೇ ತುದಿಯಲ್ಲಿದೆ. ಹೋಗಲು ಜಾಗವಿಲ್ಲದೆ ಜಗ್ಗಿ ವಾಪಸು ಬರುತ್ತದೆ.

ಇದರ ಹಿಂದೆ ಒಂದು ಪುಟ್ಟ ಚರಿತ್ರೆಯಿದೆ. ಚಕ್ರವಿರುವ ಮೌಸು ಮನೆಮನೆಗೆ ಬಂದದ್ದು 1996ರಲ್ಲಿ ಮೈಕ್ರೋಸಾಫ್ಟ್ ಇಂಟೆಲಿಮೌಸ್ ತಂದ ನಂತರ. ಅದರಲ್ಲಿ ಚಕ್ರವನ್ನು ನಮ್ಮ ಕಡೆಗೆ ಉರುಳಿಸಿದರೆ ಪುಟದಲ್ಲಿ ಕೆಳಗಿನ ಸಾಲುಗಳು ಬರುತ್ತವೆ. ಇಷ್ಟು ವರ್ಷ ನಿಮ್ಮ ತೋರುಬೆರಳು ಕಲಿತದ್ದು ಅದನ್ನು. ಆಮೇಲೆ ಮೊಬೈಲು ಬಂತು. ಅದರಲ್ಲಿ ನಾವು ಕಾಗದವನ್ನೇ ಹಿಡಿದು ಮೇಲಕ್ಕೆ ತಳ್ಳುತ್ತೇವೆ, ಆಗ ಕೆಳಗಿನದು ಕಾಣುತ್ತದೆ. 2011ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕ್ ತಂತ್ರಾಂಶದ ಲಯನ್ ಎಂಬ ಆವೃತ್ತಿಯಲ್ಲಿ ಕಂಪ್ಯೂಟರಿಗೂ ಈ ಮೊಬೈಲಿನ ದಿಕ್ಕನ್ನೇ ತಂದು, ಅದಕ್ಕೆ ‘ನ್ಯಾಚುರಲ್’ ಎಂದು ಹೆಸರಿಟ್ಟಿತು. ಯಾರಿಗೆ ನ್ಯಾಚುರಲ್ ಎಂದು ಯಾರೂ ನಿಮ್ಮನ್ನು ಕೇಳಲಿಲ್ಲ! ಪಿಯುಸಿ ಹುಡುಗ ಬೆಳೆದದ್ದೇ ಮೊಬೈಲಿನಲ್ಲಿ, ಅವನ ಬೆರಳು ತಾನಾಗಿಯೇ ಮುಂದಕ್ಕೆ ತಳ್ಳುತ್ತದೆ. ನಿಮ್ಮದು ತಾನಾಗಿಯೇ ನಿಮ್ಮ ಕಡೆಗೆ ಎಳೆಯುತ್ತದೆ. ಎರಡೂ ಬೆರಳು ಸರಿ. ದಿಕ್ಕು ಮಾತ್ರ ಅವನಿಗೆ ಒಪ್ಪುವ ಹಾಗಿದೆ. ಅದನ್ನು ನಿಮಗೆ ಒಪ್ಪುವ ಹಾಗೆ ಬದಲಾಯಿಸಬಹುದು.

ಇನ್ನೊಂದು ಸುಳಿವು, ಪರದೆಯೇ ಪಕ್ಕಕ್ಕೆ ಸರಿಯುವುದು. ಈ ಮೌಸಿನಲ್ಲಿ ಎರಡು ಬೆರಳನ್ನು ಒಟ್ಟಿಗೆ ಅಡ್ಡಡ್ಡ ಸರಿಸಿದರೆ, ಪರದೆ ತುಂಬ ತೆರೆದಿಟ್ಟ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗು ಎಂದರ್ಥ. ಒಂದೇ ಬೆರಳು ಅಡ್ಡ ಸರಿದರೂ ಹಿಂದಿನ ಪುಟಕ್ಕೆ ಹೋಗುವ ಏರ್ಪಾಡಿದೆ. ಹಳೆಯ ಮೌಸನ್ನು ನಾವು ಅಂಗೈಯಲ್ಲಿ ತುಂಬಿ ಹಿಡಿದು, ಎರಡು ಬೆರಳನ್ನು ಮೇಲೆ ಒರಗಿಸಿಕೊಳ್ಳುತ್ತಿದ್ದೆವು. ಆ ಒರಗುವ ಬೆರಳು ಪ್ಲಾಸ್ಟಿಕ್ಕಿಗೆ ಲೆಕ್ಕಕ್ಕಿರಲಿಲ್ಲ. ಇಲ್ಲಿ ಮೇಲಿನ ಮೈಯೆಲ್ಲ ಎಚ್ಚರವಾಗಿಯೇ ಇರುವುದರಿಂದ ಸುಮ್ಮನೆ ಒರಗಿದ ಬೆರಳೂ ಒಂದು ಮಾತು ಆಡಿದಂತೆ. ಯಂತ್ರಕ್ಕೆ ನೀವು ಕಾಣಿಸುತ್ತಿಲ್ಲ ಎಂದು ಬರೆದಿರಿ. ಅದಕ್ಕೆ ನೀವು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕಾಣಿಸುತ್ತಿದ್ದೀರಿ. ಅಂದ ಹಾಗೆ, ಪರದೆ ಸರಿದಾಗ ನಿಮ್ಮ ಲೆಕ್ಕದ ಹಾಳೆ ಎಲ್ಲಿಗೂ ಹೋಗಿರುವುದಿಲ್ಲ. ಪಕ್ಕದಲ್ಲೇ ಇರುತ್ತದೆ, ಅಳಿಸಿಹೋಗುವುದಿಲ್ಲ. ಎದೆ ಧಸಕ್ ಅನ್ನುವಾಗ ಇದೊಂದನ್ನು ನೆನಪು ಮಾಡಿಕೊಳ್ಳಿ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು ಅನ್ನಿಸುತ್ತದೆ. ನೀವು ಕೈಯಾರೆ ಜೋಡಿಸಿದ ಡಯಲ್ ಫೋನಿಗೆ ಬೆರಳಿನ ಮಾತಿಗೆ ಮರುಮಾತಾಡುವ ಗುಣವಿತ್ತು. ತೂತಿಗೆ ಬೆರಳು ಹಾಕಿ ತಿರುಗಿಸಿದರೆ ಸ್ಪ್ರಿಂಗು ಎದುರು ಜಗ್ಗುತ್ತಿತ್ತು. ಬಿಟ್ಟರೆ ಸೆಕೆಂಡಿಗೆ ಸುಮಾರು 10 ಮಿಡಿತದ ಲೆಕ್ಕದಲ್ಲಿ ಕಟಕಟ ಎನ್ನುತ್ತ ತನ್ನ ಜಾಗಕ್ಕೆ ಬರುತ್ತಿತ್ತು. ಆ ಸದ್ದಿನಲ್ಲೇ ಡಯಲ್ ಸರಿಯಿದೆಯೋ ಇಲ್ಲವೋ ಎಂದು ಕೈಪಳಗಿದವರಿಗೆ ಗೊತ್ತಾಗುತ್ತಿತ್ತು. ಚಕ್ರದ ಮೌಸಿನಲ್ಲೂ ಆ ಗುಣ ಉಳಿದಿತ್ತು: ಟಿಕ್ ಟಿಕ್ ಎಂದು ಬೆರಳಿಗೆ ತಿಳಿಯುತ್ತದೆ. ಆಪಲ್ 2009ರಲ್ಲಿ ತಂದ, ನಿಮ್ಮ ಮಗ ಕೊಟ್ಟುಹೋದ ಈ ಮ್ಯಾಜಿಕ್ ಮೌಸ್ ಮಾತ್ರ ಸರಿಸುವಾಗ ಬೆರಳಿಗೆ ಏನನ್ನೂ ಹೇಳುವುದಿಲ್ಲ. ಬೆರಳು ಜಾರಿತೋ, ಯಂತ್ರ ಕೇಳಿಸಿಕೊಂಡಿತೋ, ಪರದೆ ನೋಡಿಯೇ ತಿಳಿಯಬೇಕು. ಮುಟ್ಟಿ ತಿಳಿಯುವುದರಲ್ಲಿ ಪಳಗಿದ ಕೈಗೆ ಈ ಮೌನ ತಬ್ಬಿಬ್ಬು ಮಾಡುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಕೈ ಇನ್ನಷ್ಟು ಒತ್ತುತ್ತದೆ, ಇನ್ನೊಂದು ಬೆರಳನ್ನು ಸಹಾಯಕ್ಕೆ ಕರೆಯುತ್ತದೆ. ಒತ್ತಿದರೆ ಅದು ಕ್ಲಿಕ್ ಅಂದುಕೊಳ್ಳುತ್ತದೆ, ಇನ್ನೊಂದು ಬೆರಳು ಬಂದರೆ ಪಕ್ಕಕ್ಕೆ ಹಾರುತ್ತದೆ. ನೀವು ಹೆಚ್ಚು ಪ್ರಯತ್ನಪಟ್ಟಷ್ಟೂ ಅದು ಹೆಚ್ಚು ಕೆಡುತ್ತದೆ. ಕೌಶಲ ಕಡಿಮೆಯಾಗಿ ಬಂದ ತೊಂದರೆ ಇದಲ್ಲ. ಹಳೆಯ ಕೌಶಲ ಕೈಯಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುವುದರಿಂದಲೇ ಬಂದದ್ದು.

ಇನ್ನು ಮಾಡಬೇಕಾದ್ದು. ಪಕ್ಕದ ಮನೆಯ ಹುಡುಗನನ್ನೇ ಕರೆಯಿರಿ, ಆದರೆ ‘ಮಾಡಿಕೊಡಪ್ಪ’ ಎನ್ನಬೇಡಿ. ನೀವು ಕುರ್ಚಿಯಲ್ಲಿ ಕೂತಿರಿ, ಅವನು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಲಿ. ಸಿಸ್ಟಂ ಸೆಟ್ಟಿಂಗ್ಸ್ ತೆರೆದು ಮೌಸ್ ಎಂಬಲ್ಲಿಗೆ ಹೋದರೆ ‘ನ್ಯಾಚುರಲ್ ಸ್ಕ್ರೋಲಿಂಗ್’ ಸಿಗುತ್ತದೆ. ಅದನ್ನು ಆಫ್ ಮಾಡಿ. ಅಲ್ಲೇ ಪಕ್ಕದ ‘ಮೋರ್ ಗೆಸ್ಚರ್ಸ್’ ಎಂಬ ಭಾಗದಲ್ಲಿ ಪುಟದಿಂದ ಪುಟಕ್ಕೆ, ಪರದೆಯಿಂದ ಪರದೆಗೆ ಹಾರುವ ಎರಡು ಆಯ್ಕೆಗಳಿವೆ. ಅವನ್ನೂ ಆಫ್ ಮಾಡಿ. ಕೈ ಪಳಗಿದ ಮೇಲೆ ಬೇಕಿದ್ದರೆ ಮತ್ತೆ ಹಾಕಿಕೊಳ್ಳಬಹುದು, ಬೇಡದಿದ್ದರೆ ಜೀವಮಾನವಿಡೀ ಹಾಗೇ ಇರಲಿ. ಇಷ್ಟಕ್ಕೇ ನಿಮ್ಮ ತೊಂದರೆಯ ದೊಡ್ಡ ಪಾಲು ತೀರಬಹುದು ಎಂದು ನನ್ನ ಅಂದಾಜು.

ಆಮೇಲೆ ಹಿಡಿತ. ಮೌಸನ್ನು ಎರಡೂ ಪಕ್ಕದಿಂದ ಹೆಬ್ಬೆರಳು ಮತ್ತು ಉಂಗುರ ಬೆರಳಲ್ಲಿ ಹಿಡಿದುಕೊಳ್ಳಿ, ಅಂಗೈ ಮೇಲಕ್ಕಿರಲಿ, ತೋರುಬೆರಳೊಂದೇ ಮೇಲ್ಮೈಗೆ ತಾಗಲಿ. ಒತ್ತುವುದು ಬೇಡ, ಸವರಿದರೆ ಸಾಕು. ದಯವಿಟ್ಟು ಇದನ್ನು ಸಂಘದ ಲೆಕ್ಕದ ಹಾಳೆಯ ಮೇಲೆ ಕಲಿಯಬೇಡಿ. ತಪ್ಪಿದರೆ ಏನೂ ಕೆಡದ ಕಡೆ ಕಲಿಯಿರಿ. ಕನ್ನಡ ವಿಕಿಪೀಡಿಯದಲ್ಲಿ ಬೆಂಗಳೂರಿನ ಪುಟ ತೆಗೆದುಕೊಂಡು ಕೆಳಗೂ ಮೇಲಕ್ಕೂ ಹೋಗಿ ಬನ್ನಿ. ಬೇಸರ ಬಂದ ತಕ್ಷಣ ಬಿಟ್ಟು ಎದ್ದುಬಿಡಿ.

ಚಳಿಗಾಲದಲ್ಲಿ ನಮ್ಮ ಊರಿನ ಒಣಹವೆಗೆ ಬೆರಳ ತುದಿ ಬಿರಿಯುವುದೂ ಇದರಲ್ಲಿ ಸ್ವಲ್ಪ ಸೇರಿರಬಹುದು. ಚರ್ಮದ ಮೇಲ್ಪದರ ತೀರಾ ಒಣಗಿ ದಪ್ಪವಾದರೆ ಸ್ಪರ್ಶದ ಯಂತ್ರಗಳಿಗೆ ಸಂಕೇತ ಕಡಿಮೆ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕೂರುವ ಮುಂಚೆಯೇ ಬೇಡ, ಜಿಡ್ಡು ಮೌಸಿಗೆ ಹತ್ತುತ್ತದೆ. ಮೌಸಿನ ಮೇಲ್ಮೈಯನ್ನು ಮೆತ್ತನೆಯ, ಚೂರೇ ಒದ್ದೆಯಾದ ಬಟ್ಟೆಯಲ್ಲಿ ಒರೆಸಿ. ಅಂದಕ್ಕೆಂದು ಯಾರಾದರೂ ಪ್ಲಾಸ್ಟಿಕ್ ಕವರು ಹಾಕಿದ್ದರೆ ತೆಗೆದುಬಿಡಿ.

ಇಷ್ಟೆಲ್ಲ ಮಾಡಿಯೂ ಅದು ಒಗ್ಗಲಿಲ್ಲ ಅನ್ನಿ. ಆಗ ಚಕ್ರದ ಮೌಸು ತಂದುಬಿಡಿ. ಈ ಮಾತನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಇದೊಂದು ದಾರಿ ಇದೆ ಎಂಬ ಯೋಚನೆಯೇ ಇಲ್ಲ. ಮ್ಯಾಕ್‌ಬುಕ್ಕಿಗೆ ಅದೇ ಕಂಪನಿಯ ಮೌಸೇ ಆಗಬೇಕೆಂದಿಲ್ಲ. ಕೆಲವು ನೂರು ರೂಪಾಯಿಯ ಸಾಧಾರಣ ಚಕ್ರದ ಮೌಸು ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಹೊಸ ಮ್ಯಾಕ್‌ಬುಕ್ಕುಗಳಲ್ಲಿ ಹಳೆಯ ಅಗಲ ಯುಎಸ್‌ಬಿ ಕಿಂಡಿ ಇರುವುದಿಲ್ಲವಾದ್ದರಿಂದ ಬ್ಲೂಟೂತಿನದ್ದು ಕೇಳಿ, ಇಲ್ಲವೇ ಒಂದು ಸಣ್ಣ ಅಡಾಪ್ಟರ್ ಜೊತೆಗೆ ತನ್ನಿ. ನಿಮ್ಮ ಹಳೆಯ ಡಬ್ಬಾದ ಮೌಸು ಅಟ್ಟದ ಮೇಲಿದ್ದರೆ ಅದೂ ಆದೀತು. ಕನ್ನಡಕ ಬದಲಾಯಿಸಿಕೊಂಡವರಿಗೆ ಯಾರೂ ಸೋತಿರಿ ಅನ್ನುವುದಿಲ್ಲ, ಇದೂ ಅಷ್ಟೇ. ಮೌಸು ಬರುವ ತನಕ ಕೀಬೋರ್ಡಿದೆ: ಪೇಪರ್ ಓದುವಾಗ ಸ್ಪೇಸ್ ಬಾರ್ ಒತ್ತಿದರೆ ಒಂದು ಪರದೆಯಷ್ಟು ಕೆಳಗೆ, ಶಿಫ್ಟ್ ಹಿಡಿದು ಸ್ಪೇಸ್ ಒತ್ತಿದರೆ ಅಷ್ಟೇ ಮೇಲೆ. ಎಕ್ಸೆಲ್ ಹಾಳೆಯಲ್ಲಿ ಬಾಣದ ಕೀಲಿಗಳೇ ಸಾಕು. ಬಾಕಿ ಲೆಕ್ಕವನ್ನು ಅದರಲ್ಲೇ ಮುಗಿಸಬಹುದು. ಮುಗಿಯುವವರೆಗೆ ‘ಕಂಪ್ಯೂಟರ್ ಬದಲಾಗಿದೆ, ಈ ತಿಂಗಳು ತಡವಾಗುತ್ತದೆ’ ಎಂದು ಸಂಘದವರಿಗೆ ಒಂದು ಸಾಲು ಹಾಕಿ. ಹಣದ ಲೆಕ್ಕ ತಡವಾದರೆ ಜನ ಒಪ್ಪುತ್ತಾರೆ, ಸುಮ್ಮನಿದ್ದರೆ ಏನೇನೋ ಅಂದುಕೊಳ್ಳುತ್ತಾರೆ.

ಇದೇ ತೊಂದರೆಯಿರುವ, ಆದರೆ ಯಾರ ಬೆರಳಿಗೂ ಓಡದ ಮೌಸಿನ ಓದುಗರಿಗೆ ಎರಡು ಮಾತು. ಬಾಣ ಓಡುವುದು ಮೌಸಿನ ಹೊಟ್ಟೆಯಡಿಯ ಬೆಳಕಿನ ಸೆನ್ಸರಿನಿಂದ, ಕ್ಲಿಕ್ ಒಳಗಿನ ಸ್ವಿಚ್ಚಿನಿಂದ, ಸ್ಕ್ರೋಲ್ ಮೇಲಿನ ಸ್ಪರ್ಶದ ಮೈಯಿಂದ. ಆದ್ದರಿಂದ ಒಂದು ನಿಂತು ಉಳಿದೆರಡು ನಡೆಯುವುದು ವಿಚಿತ್ರವಲ್ಲ. ಅಡಿಯಲ್ಲಿರುವ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿ. ಚಾರ್ಜ್ ಎಷ್ಟಿದೆ ನೋಡಿ. 2015ರಿಂದೀಚಿನ ಮಾದರಿಗಳಿಗೆ ಚಾರ್ಜಿನ ಕಿಂಡಿ ಹೊಟ್ಟೆಯಡಿಯಲ್ಲೇ ಇರುವುದರಿಂದ ಚಾರ್ಜಿಗಿಟ್ಟಾಗ ಬಳಸಲಾಗದು, ಅದು ಹಾಳಾದ ಲಕ್ಷಣವಲ್ಲ. ಮೊದಲ ಮಾದರಿಯಾದರೆ ಎರಡು ಎಎ ಸೆಲ್ ಬದಲಿಸಿ. ಆಕ್ಸೆಸಿಬಿಲಿಟಿಯೊಳಗಿನ ಪಾಯಿಂಟರ್ ಕಂಟ್ರೋಲಿನಲ್ಲಿ ಸ್ಕ್ರೋಲ್ ವೇಗ ಪೂರ್ತಿ ತಗ್ಗಿದೆಯೇ ಎಂದು ನೋಡಿ. ಬ್ಲೂಟೂತ್ ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿ. ಈ ಮೌಸನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿಕೊಂಡವರಿಗಂತೂ ಬಾಣ, ಕ್ಲಿಕ್ ಬಂದು ಸ್ಕ್ರೋಲ್ ಮಾತ್ರ ಬಾರದಿರುವುದು ತೀರಾ ಸಾಮಾನ್ಯ. ಅದಕ್ಕೆ ಬೇರೆ ಡ್ರೈವರ್ ಬೇಕು. ಯಾವುದೂ ಆಗದಿದ್ದರೆ ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯಿರಿ. ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಹೊಸ ಮಾದರಿಗಳ ಒಳಗೆ ಲಿಥಿಯಂ ಬ್ಯಾಟರಿಯಿದೆ. ಕೆ.ಆರ್. ಪುರದವರಿಗೆ 2023ರ ಅಕ್ಟೋಬರಿನಿಂದ ಮೆಟ್ರೊದ ನೇರಳೆ ಮಾರ್ಗ ಬೈಯಪ್ಪನಹಳ್ಳಿಗೆ ಕೂಡಿಕೊಂಡಿರುವುದರಿಂದ, ಅಂಥ ಕೇಂದ್ರ ಹುಡುಕಿ ಹೋಗುವುದಾದರೆ ಇಂದಿರಾನಗರ ಈಗ ನಾಲ್ಕು ನಿಲ್ದಾಣದ ದೂರ. ಮೌಸು ಕೈಚೀಲದಲ್ಲಿ ಹಿಡಿಸುತ್ತದೆ.

ಮತ್ತೆ ನಿಮ್ಮ ಮನೆಗೆ ಬರೋಣ. ಯಜಮಾನರು ‘ನಿನಗ್ಯಾಕೆ’ ಎಂದದ್ದು ನಿಮ್ಮನ್ನು ಕಡಿಮೆ ಮಾಡಲಿಕ್ಕೆ ಎಂದು ನಾನು ಭಾವಿಸುವುದಿಲ್ಲ. ನೀವು ಸಂಕಟಪಡುವುದನ್ನು ನೋಡಲಾರದೆ, ಸಂಕಟವನ್ನು ತೆಗೆಯುವ ಬದಲು ಕೆಲಸವನ್ನೇ ತೆಗೆದುಬಿಡೋಣ ಅಂದುಕೊಂಡಿರಬಹುದು. ಅವರಿಗೆ ನೇರವಾಗಿ ಹೇಳಿ: ‘ಲೆಕ್ಕ ನನಗೆ ಭಾರ ಅಲ್ಲ, ಈ ಮೌಸು ಭಾರ. ಲೆಕ್ಕ ಬಿಡು ಅನ್ನಬೇಡಿ.’ ಇಬ್ಬರೇ ಇರುವ ಮನೆಯಲ್ಲಿ ಇಂಥ ಮಾತು ಒಳಗೇ ಉಳಿದರೆ ಕೊಳೆಯುತ್ತದೆ.

ಮಗನಿಗೆ ಹೇಳುವುದು ನಿಮಗೆ ಇನ್ನೂ ಕಷ್ಟ, ಗೊತ್ತು. ಅವನು ಪ್ರೀತಿಯಿಂದ ತಂದಿಟ್ಟದ್ದು, ಬೇಡ ಅಂದರೆ ನೊಂದುಕೊಂಡಾನು ಎಂಬ ಹೆದರಿಕೆ. ಅದರ ಅಡಿಯಲ್ಲಿ ಇನ್ನೊಂದು ಹೆದರಿಕೆಯೂ ಇರಬಹುದು: ‘ಅಮ್ಮನಿಗೆ ವಯಸ್ಸಾಯಿತು’ ಎಂದು ಅವನಿಗೆ ಅನ್ನಿಸಿಬಿಟ್ಟರೆ? ದೂರದಲ್ಲಿರುವ ಮಕ್ಕಳ ಎಷ್ಟೋ ತಂದೆತಾಯಂದಿರು ವಾರವಾರವೂ ಹೀಗೆ ‘ಚೆನ್ನಾಗಿದೆ’ ಎನ್ನುತ್ತಿರುತ್ತಾರೆ. ಮೌಸಿನ ವಿಷಯದಲ್ಲಿ ಆ ಮಾತಿನಿಂದ ದೊಡ್ಡ ನಷ್ಟವಿಲ್ಲ. ಆದರೆ ಅದು ರೂಢಿಯಾದರೆ ನಾಳೆ ಎದೆನೋವು ಬಂದಾಗಲೂ ಬಾಯಿಗೆ ‘ಚೆನ್ನಾಗಿದೀನಿ ಕಣೋ’ ಎಂದೇ ಬಂದೀತು. ಈ ಸಲ ಅವನು ಕೇಳುವ ತನಕ ಕಾಯಬೇಡಿ. ‘ಮ್ಯಾಕ್‌ಬುಕ್ ಚೆನ್ನಾಗಿದೆ, ಮೌಸು ನನ್ನ ಕೈಗೆ ಒಗ್ಗಿಲ್ಲ. ದಿಕ್ಕು ಬದಲಾಯಿಸಿಕೊಳ್ಳುತ್ತಿದ್ದೇನೆ, ಆಗದಿದ್ದರೆ ಚಕ್ರದ್ದು ತರಿಸಿಕೊಳ್ಳುತ್ತೇನೆ’ ಅನ್ನಿ. ಇದರಲ್ಲಿ ದೂರೂ ಇಲ್ಲ, ಕ್ಷಮೆಯೂ ಇಲ್ಲ, ತೀರ್ಮಾನ ನಿಮ್ಮದು. ಬೇಕಿದ್ದರೆ ಅಲ್ಲಿಂದಲೇ ನಿಮ್ಮ ಪರದೆಯನ್ನು ನೋಡುತ್ತ ಹೇಳಿಕೊಡುವ ಏರ್ಪಾಡೂ ಆ ಕಂಪ್ಯೂಟರಿನಲ್ಲಿದೆ, ಅವನಿಗೆ ಗೊತ್ತಿರುತ್ತದೆ.

ಇದನ್ನು ಓದುತ್ತಿರುವ ಮಗನೋ ಮಗಳೋ ಇದ್ದರೆ ಒಂದು ಕೋರಿಕೆ. ಊರಿಗೆ ಬಂದಾಗ ಹೊಸದನ್ನು ತಂದುಕೊಡಿ, ಸಂತೋಷ. ಹೊರಡುವ ಮುಂಚೆ ಒಂದು ಇಡೀ ದಿನ ನಿಮ್ಮ ಕೈಯನ್ನು ಹಿಂದೆ ಕಟ್ಟಿಕೊಂಡು, ಅಮ್ಮ ಅಪ್ಪ ತಾವೇ ಬಳಸುವುದನ್ನು ನೋಡಿ. ಮತ್ತು ಹಳೆಯದನ್ನು ಬಿಸಾಕಬೇಡಿ.

ಕೊನೆಗೆ, ನೀವು ಬರೆಯದೆ ಬಿಟ್ಟಿರಬಹುದಾದ ಒಂದು ವಿಷಯ. ಬೆರಳ ತುದಿಯಲ್ಲಿ ಜೋಮು ಹಿಡಿಯುವುದು, ಚುಚ್ಚಿದಂತಾಗುವುದು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು, ಲೋಟ ಜಾರುವುದು, ಇವುಗಳಲ್ಲಿ ಯಾವುದಾದರೂ ಇದೆಯೇ? ಇದ್ದರೆ ಮೌಸಿನ ಮೇಲೆ ಹಾಕಿ ಸುಮ್ಮನಾಗಬೇಡಿ, ಒಮ್ಮೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮಣಿಕಟ್ಟಿನ ನರ ಒತ್ತುವುದು, ಯಾವುದೂ ಇರಬಹುದು. ವರ್ಷಗಟ್ಟಲೆ ಕೈಬೆರಳಿನ ಕೆಲಸ ಮಾಡಿದವರು ಇದನ್ನು ತಡಮಾಡಬಾರದು. ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯೋ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯೋ, ನಿಮಗೆ ಹೋಗಿ ಬರಲು ಸುಲಭವಾದ ಕಡೆ ತೋರಿಸಿ.

ಜೀವನ ಪ್ರಮಾಣಪತ್ರಕ್ಕೂ ಬೆರಳೇ ಆಗಬೇಕೆಂದಿಲ್ಲ. 2021ರ ನವೆಂಬರಿನಿಂದ ಮುಖ ತೋರಿಸಿ ದೃಢೀಕರಿಸುವ ವ್ಯವಸ್ಥೆ ಬಂದಿದೆ. ಮೊಬೈಲಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಎಂಬ ಎರಡು ಆ್ಯಪ್ ಬೇಕಾಗುತ್ತದೆ. ನಿಮ್ಮದು ಭವಿಷ್ಯನಿಧಿಯ ಇಪಿಎಸ್ ಪಿಂಚಣಿಯಾದರೆ ನವೆಂಬರಿನ ನೂಕುನುಗ್ಗಲಿಗೆ ಕಾಯಬೇಕಾಗಿಯೂ ಇಲ್ಲ. ವರ್ಷದ ಯಾವ ತಿಂಗಳಲ್ಲಿ ಸಲ್ಲಿಸಿದರೂ ಅಲ್ಲಿಂದ 12 ತಿಂಗಳು ನಡೆಯುತ್ತದೆ.

ನಿದ್ದೆಯ ವಿಷಯವನ್ನು ಇನ್ನೆರಡು ವಾರ ಗಮನಿಸಿ. ಮೌಸಿನ ಗೊಂದಲ ತೀರಿದ ಮೇಲೂ ರಾತ್ರಿ ಕಣ್ಣು ಮುಚ್ಚದಿದ್ದರೆ, ‘ನನ್ನಿಂದ ಏನೂ ಆಗದು’ ಎಂಬ ಯೋಚನೆ ಬೇರೆ ಕೆಲಸಗಳಿಗೂ ಹಬ್ಬಿದ್ದರೆ, ಯಾರೊಡನೆಯೂ ಮಾತು ಬೇಡ ಅನ್ನಿಸುತ್ತಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ತೆರೆದಿರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಇಷ್ಟು ಸಣ್ಣ ವಿಷಯಕ್ಕೆ ಫೋನು ಮಾಡಿದಿರಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.